ಗಾಜುನಳಿಗೆಯ ನೀರನ್ನು ನಂಬಬಹುದೇ? – ಒಂದು ಅಪಘಾತ ವರದಿಯ ವಿಮರ್ಶೆ

ಉಗಿ ಎಂಜಿನ್ನಿನ ಪಾಠ ಮಾಡದ ಭೌತವಿಜ್ಞಾನದ ಅಧ್ಯಾಪಕರು ಇರಲಾರರು. ಕಪ್ಪುಹಲಗೆಯ ಮೇಲೆ ಒಂದು ಚೌಕ ಬರೆದು ಅದರೊಳಗೆ 'ಆಕರ, T₁' ಎಂದು ಗುರುತಿಸುತ್ತೇವೆ. ಕೆಳಗೆ ಇನ್ನೊಂದು ಚೌಕ, 'ಕುಂಡ, T₂'. ನಡುವೆ ಒಂದು ವೃತ್ತ. ಬಾಣಗಳನ್ನು ಎಳೆದು ದಕ್ಷತೆಯ ಸೂತ್ರ ಬರೆದರೆ ಪಾಠ ಮುಗಿಯಿತು. 1824ರಲ್ಲಿ ಸಾಡಿ ಕಾರ್ನೋ ಕೊಟ್ಟ ಚಿಂತನೆಯ ಸೊಬಗು ಅದರಲ್ಲಿದೆ, ನಿಜ. ಆದರೆ ಮೂವತ್ತು ವರ್ಷ ಇದೇ ಚಿತ್ರ ಬರೆದ ಮೇಲೆ ನನಗೊಂದು ಅನುಮಾನ ಹುಟ್ಟಿದೆ. ಆ ಮೇಲಿನ ಚೌಕದೊಳಗೆ ಏನಿದೆ ಎಂದು ನಾವು ಎಂದಾದರೂ ವಿದ್ಯಾರ್ಥಿಗಳಿಗೆ ಹೇಳಿದ್ದೇವೆಯೇ? ಅಲ್ಲಿ ಬೆಂಕಿಯಿದೆ, ಉಕ್ಕಿನ ತಗಡಿದೆ, ತಗಡಿನ ಮೇಲೆ ನೀರಿದೆ. ಆ ನೀರು ಎಷ್ಟಿದೆ ಎಂದು ತಿಳಿಸುವ ಒಂದು ಗಾಜುನಳಿಗೆಯಿದೆ. ಉಗಿ ಎಂಜಿನ್ನಿನ ಇತಿಹಾಸದಲ್ಲಿ ಜನ ಗಾಯಗೊಂಡದ್ದು, ಸತ್ತದ್ದು ಬಹುಮಟ್ಟಿಗೆ ಈ ಚೌಕದ ಬಳಿಯಲ್ಲಿ. ನಮ್ಮ ಪಠ್ಯಪುಸ್ತಕಗಳು ಖಾಲಿ ಬಿಟ್ಟಿರುವುದೂ ಇದನ್ನೇ.

ಈ ಖಾಲಿ ಚೌಕವನ್ನು ತುಂಬಬಲ್ಲ ಒಂದು ಬರಹವನ್ನು ಇಲ್ಲಿ ಪರಿಚಯಿಸಿ ವಿಮರ್ಶಿಸಲು ಬಯಸುತ್ತೇನೆ. ಅದು ಪಠ್ಯಪುಸ್ತಕವಲ್ಲ, ಸಂಶೋಧನ ಪ್ರಬಂಧವೂ ಅಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯು 1996ರಲ್ಲಿ ಪ್ರಕಟಿಸಿದ ಒಂದು ವಿಶೇಷ ತನಿಖಾ ವರದಿ. ಪ್ರವಾಸಿಗರನ್ನು ಕರೆದೊಯ್ಯುತ್ತಿದ್ದ ಒಂದು ಪಾರಂಪರಿಕ ಉಗಿ ಎಂಜಿನ್ ದಾರಿಯ ನಡುವೆ ಕೆಟ್ಟದ್ದರ ವೃತ್ತಾಂತ ಅದರಲ್ಲಿದೆ.

ನಡೆದದ್ದೇನು?

ಪೆನ್ಸಿಲ್ವೇನಿಯ ರಾಜ್ಯದ ಗೆಟ್ಟಿಸ್‌ಬರ್ಗ್ ಅಮೆರಿಕದ ಅಂತರ್ಯುದ್ಧದ 1863ರ ಕದನದಿಂದ ಪ್ರಸಿದ್ಧವಾದ ಊರು. ಪ್ರವಾಸಿಗರಿಗೆ ಅಲ್ಲಿ ಕೊರತೆಯಿಲ್ಲ. ಆ ಊರಿನಿಂದ ಹೊರಡುವ ರೈಲು ಹಾದಿಯಲ್ಲಿ ಖಾಸಗಿ ಸಂಸ್ಥೆಯೊಂದು ಉಗಿ ರೈಲಿನ ವಿಹಾರ ಏರ್ಪಡಿಸುತ್ತಿತ್ತು. 1995ರ ಜೂನ್ 16ರ ಸಂಜೆ ಆರು ಗಾಡಿಗಳ ಇಂಥದೊಂದು ರೈಲು ಗಾರ್ಡ್ನರ್ಸ್ ಎಂಬ ಸ್ಥಳದ ಸಮೀಪ ಗಂಟೆಗೆ ಸುಮಾರು 15 ಮೈಲಿ, ಅಂದರೆ 24 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿತ್ತು. ಎಳೆಯುತ್ತಿದ್ದುದು 1278 ಸಂಖ್ಯೆಯ ಎಂಜಿನ್. ಇದ್ದಕ್ಕಿದ್ದಂತೆ ಬಾಯ್ಲರಿನ ಉಗಿ ಅಗ್ನಿಪೆಟ್ಟಿಗೆಯೊಳಕ್ಕೆ ನುಗ್ಗಿ, ಅದರ ಬಾಗಿಲಿನ ಮೂಲಕ ಚಾಲಕರ ಕೋಣೆಗೆ ಹಾರಿತು. ಚಾಲಕ ಮತ್ತು ಇಬ್ಬರು ಫೈರ್‌ಮನ್‌ಗಳು ತೀವ್ರ ಸುಟ್ಟಗಾಯಗಳಿಗೆ ಒಳಗಾದರು. ಹಿಂದಿನ ಗಾಡಿಗಳಲ್ಲಿದ್ದ ಪ್ರಯಾಣಿಕರಿಗೆ ಅಪಾಯವಾಗಲಿಲ್ಲ.

ಅಗ್ನಿಪೆಟ್ಟಿಗೆಯ ಮೇಲ್ಭಾಗವನ್ನು ಮುಚ್ಚುವ ಉಕ್ಕಿನ ತಗಡಿಗೆ ಕ್ರೌನ್ ಶೀಟ್ ಎಂದು ಹೆಸರು. ಇಲ್ಲಿ ಅದನ್ನು ನೆತ್ತಿತಗಡು ಎಂದು ಕರೆಯೋಣ. ಅದರ ಕೆಳಗೆ ಬೆಂಕಿ, ಮೇಲೆ ನೀರು. ಬಾಯ್ಲರಿನಲ್ಲಿ ನೀರು ತೀರ ಕಡಮೆಯಾಗಿ ಈ ತಗಡು ಬರಿದಾಯಿತು. ಬರಿದಾದದ್ದು ಕಾಯ್ದು ಮೆತ್ತಗಾಯಿತು. ಮೆತ್ತಗಾದದ್ದು ಒಳಗಿನ ಒತ್ತಡಕ್ಕೆ ಸೋತಿತು. ಮಂಡಳಿ ಕಂಡುಕೊಂಡ ಭೌತಿಕ ಕಾರಣ ಇಷ್ಟೆ.

ಮುದಿತನದ ಮೇಲೆ ಹೊರೆ ಹಾಕದ ವರದಿ

ಹಳೆಯ ಎಂಜಿನ್ ಕೆಟ್ಟಾಗಲೆಲ್ಲ 'ಪಾಪ, ವಯಸ್ಸಾಯಿತು' ಎನ್ನುವುದು ನಮ್ಮ ರೂಢಿ. ಪತ್ರಿಕೆಗಳೂ 'ಶತಮಾನದ ಎಂಜಿನ್ ಮುಗ್ಗರಿಸಿತು' ಎಂದು ಶೀರ್ಷಿಕೆ ಕೊಟ್ಟು ಸುಮ್ಮನಾಗುತ್ತವೆ. ಭೌತವಿಜ್ಞಾನದ ದೃಷ್ಟಿಯಲ್ಲಿ 'ವಯಸ್ಸು' ಒಂದು ಕಾರಣವೇ ಅಲ್ಲ. ಸವೆತ, ತುಕ್ಕು, ಲೋಹದ ದಣಿವು, ಹಕ್ಕಳೆಗಟ್ಟುವುದು – ಇವು ಕಾರಣಗಳು. ಇವನ್ನು ಅಳೆಯಬಹುದು, ಅಳೆದರೆ ತಡೆಯಬಹುದು. ವಯಸ್ಸು ಎಂಬ ಪದ ಅಳೆಯುವ ಕಷ್ಟದಿಂದ ನಮ್ಮನ್ನು ಪಾರುಮಾಡುತ್ತದೆ, ಅಷ್ಟೆ.

1278 ಎಂಜಿನ್ 1948ರಲ್ಲಿ ಕೆನಡದಲ್ಲಿ ತಯಾರಾದದ್ದು. ಅಪಘಾತದ ಹೊತ್ತಿಗೆ ಅದಕ್ಕೆ 47 ವರ್ಷ. ಉಗಿ ಎಂಜಿನ್ನುಗಳ ಲೆಕ್ಕದಲ್ಲಿ ಇದೇನೂ ದೊಡ್ಡ ಪ್ರಾಯವಲ್ಲ. ವರದಿಯ ಮೊದಲ ಹೆಚ್ಚುಗಾರಿಕೆ ಇಲ್ಲಿದೆ: ಅದು ಮುದಿತನದ ಮೇಲೆ ಹೊರೆ ಹಾಕುವುದಿಲ್ಲ. ಗಾಯಗೊಂಡ ಚಾಲಕನ ಮೇಲೆ ಎಲ್ಲ ತಪ್ಪನ್ನೂ ಹೊರಿಸಿ ಕೈತೊಳೆದುಕೊಳ್ಳುವುದೂ ಇಲ್ಲ. ಬಾಯ್ಲರನ್ನೂ ಅದರ ಉಪಾಂಗಗಳನ್ನೂ ಸರಿಯಾಗಿ ನಿರ್ವಹಿಸದೆ, ಸಿಬ್ಬಂದಿಗೆ ತಕ್ಕ ತರಬೇತಿ ಕೊಡದೆ ರೈಲು ಓಡಿಸಿದ ಆಡಳಿತವನ್ನು ಅದು ಕಾರಣವಾಗಿ ಗುರುತಿಸುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರ್ಕಾರದ ನಿಯಮಗಳು ಹಳತಾಗಿವೆ, ಉಗಿ ಎಂಜಿನ್ ಬಲ್ಲವರ ಸಂಖ್ಯೆ ದಿನೇ ದಿನೇ ಕುಗ್ಗುತ್ತಿದೆ ಎಂದು ಎಚ್ಚರಿಸುತ್ತದೆ. ಉಕ್ಕು ಸವೆಯುವಂತೆ ತಿಳಿವಳಿಕೆಯೂ ಸವೆಯುತ್ತದೆ ಎಂಬ ಈ ಮಾತೇ ಇಡೀ ವರದಿಯ ತಿರುಳು ಎಂದು ನನ್ನ ಅಭಿಪ್ರಾಯ.

ನೆತ್ತಿತಗಡಿನ ಭೌತವಿಜ್ಞಾನ

ವರದಿ ಎಂಜಿನಿಯರುಗಳಿಗಾಗಿ ಬರೆದದ್ದು. ವಿದ್ಯಾರ್ಥಿಗೆ ಅದು ದಕ್ಕಬೇಕಾದರೆ ಕೆಲವು ಲೆಕ್ಕಗಳನ್ನು ನಾವೇ ಮಾಡಬೇಕು.

ಈ ವರ್ಗದ ಎಂಜಿನ್ನಿನ ವಿನ್ಯಾಸ ಒತ್ತಡ ಚದರ ಅಂಗುಲಕ್ಕೆ 250 ಪೌಂಡ್. ಮೆಟ್ರಿಕ್ ಮಾನದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 17.5 ಕಿಲೋಗ್ರಾಂ. ಹಾಗಾದರೆ ನೆತ್ತಿತಗಡಿನ ಒಂದೊಂದು ಚದರ ಮೀಟರಿನ ಮೇಲೂ 175 ಟನ್ ಭಾರ. ಐದು ಟನ್ ತೂಗುವ 35 ಆನೆಗಳನ್ನು ಒಂದು ಚದರ ಮೀಟರ್ ಜಾಗದಲ್ಲಿ ನಿಲ್ಲಿಸಿದಂತೆ! ಈ ಭಾರವನ್ನು ಕೇವಲ ಒಂದು ತೆಳು ತಗಡು ಹೊರಲಾರದು. ಅದಕ್ಕಾಗಿ ಮೇಲಿನ ಬಾಯ್ಲರ್ ಚಿಪ್ಪಿನಿಂದ ನೂರಾರು ಆಧಾರ ಬೋಲ್ಟುಗಳನ್ನು ಇಳಿಬಿಟ್ಟು ತಗಡನ್ನು ಹಿಡಿದಿಟ್ಟಿರುತ್ತಾರೆ.

ಕೆಳಗೆ ಸಾವಿರ ಡಿಗ್ರಿಗೂ ಮೀರಿದ ಬೆಂಕಿಯಿದ್ದರೂ ತಗಡು ಏಕೆ ಕೆಂಪಗಾಗುವುದಿಲ್ಲ? ಲೆಕ್ಕಕ್ಕಾಗಿ, ಚದರ ಮೀಟರಿಗೆ 200 ಕಿಲೋವ್ಯಾಟ್ ಉಷ್ಣ ತಗಡಿನ ಮೂಲಕ ಹರಿಯುತ್ತಿದೆ ಎಂದುಕೊಳ್ಳೋಣ. ತಗಡಿನ ದಪ್ಪ 10 ಮಿಲಿಮೀಟರ್, ಉಕ್ಕಿನ ಉಷ್ಣವಾಹಕತ್ವ ಮೀಟರಿಗೆ ಪ್ರತಿ ಡಿಗ್ರಿಗೆ 45 ವ್ಯಾಟ್. ಆಗ ತಗಡಿನ ಎರಡು ಮುಖಗಳ ನಡುವಣ ಉಷ್ಣತಾ ವ್ಯತ್ಯಾಸ ಸುಮಾರು 44 ಡಿಗ್ರಿ. ಮೇಲಿನ ನೀರು ಆ ಒತ್ತಡದಲ್ಲಿ ಕುದಿಯುವುದು ಸುಮಾರು 207 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕುದಿಯುವ ನೀರು ಉಷ್ಣವನ್ನು ಬಹು ಚುರುಕಾಗಿ ಹೀರುತ್ತದೆ. ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿನಿಂದ 20,000 ವ್ಯಾಟ್ ಎಂದು ಹಿಡಿದರೂ ಇನ್ನೊಂದು 10 ಡಿಗ್ರಿ ಸಾಕು. ಎಲ್ಲ ಸೇರಿ ತಗಡಿನ ಕೆಳಮುಖ ಸುಮಾರು 260 ಡಿಗ್ರಿ. ಈ ಉಷ್ಣತೆಯಲ್ಲಿ ಉಕ್ಕು ಗಟ್ಟಿಯಾಗಿಯೇ ಇರುತ್ತದೆ.

ಈಗ ನೀರನ್ನು ತೆಗೆದುಬಿಡಿ. ಅದರ ಜಾಗದಲ್ಲಿ ಉಗಿ ಬರುತ್ತದೆ. ಉಗಿ ಒಂದು ಡಿಗ್ರಿ ವ್ಯತ್ಯಾಸಕ್ಕೆ 100 ವ್ಯಾಟ್ ಒಯ್ಯಬಲ್ಲುದೆಂದು ಭಾವಿಸಿದರೆ ಅದೇ 200 ಕಿಲೋವ್ಯಾಟನ್ನು ಸಾಗಿಸಲು 2000 ಡಿಗ್ರಿ ವ್ಯತ್ಯಾಸ ಬೇಕಾಗುತ್ತದೆ! ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. 550-600 ಡಿಗ್ರಿಯ ಹೊತ್ತಿಗೇ ಉಕ್ಕಿನ ಬಲ ಅರ್ಧಕ್ಕೆ ಇಳಿದಿರುತ್ತದೆ. ಆನೆಗಳ ಭಾರ ಮಾತ್ರ ಹಾಗೆಯೇ ಇದೆ. ತಗಡು ಬೋಲ್ಟುಗಳ ನಡುವೆ ಜೋತುಬಿದ್ದು, ಬೋಲ್ಟಿನ ತುದಿಗಳಿಂದ ಕಳಚಿಕೊಂಡು, ಕೆಳಕ್ಕೆ ಉಬ್ಬುತ್ತದೆ.

ನೀರಿನಲ್ಲಿರುವ ಸುಣ್ಣದ ಅಂಶ ತಗಡಿನ ಮೇಲೆ ಹಕ್ಕಳೆಯಾಗಿ ಕಟ್ಟಿದರೂ ಇಂಥದೇ ತೊಂದರೆ, ಸಣ್ಣ ಪ್ರಮಾಣದಲ್ಲಿ. ಹಕ್ಕಳೆಯ ಉಷ್ಣವಾಹಕತ್ವ 1.5 ಎಂದಿಟ್ಟುಕೊಂಡರೆ ಒಂದೇ ಮಿಲಿಮೀಟರ್ ಪದರ 130 ಡಿಗ್ರಿಗೂ ಹೆಚ್ಚಿನ ವ್ಯತ್ಯಾಸ ತರುತ್ತದೆ. ನಮ್ಮ ಬೋರ್‌ವೆಲ್ ನೀರಿನ ಗೀಸರುಗಳೊಳಗೆ ಕಟ್ಟುವ ಬಿಳಿಯ ಪದರವನ್ನು ಕಂಡವರಿಗೆ ಇದು ಹೊಸದಲ್ಲ.

ಕೊನೆಯ ಲೆಕ್ಕ, ಸ್ಫೋಟದ್ದು. 207 ಡಿಗ್ರಿಯಲ್ಲಿರುವ ನೀರು ಒಮ್ಮೆಲೆ ವಾಯುಭಾರದ ಒತ್ತಡಕ್ಕೆ ಬಂದರೆ 100 ಡಿಗ್ರಿಗೆ ಇಳಿಯಲೇಬೇಕು. ಪ್ರತಿ ಕಿಲೋಗ್ರಾಮಿನಲ್ಲಿ ಹೆಚ್ಚಾಗಿ ಉಳಿದ ಸುಮಾರು 465 ಕಿಲೋಜೂಲ್ ಉಷ್ಣ ಆವಿಯಾಗುವುದಕ್ಕೆ ವಿನಿಯೋಗವಾಗುತ್ತದೆ. ಗುಪ್ತೋಷ್ಣ 2257 ಕಿಲೋಜೂಲ್ ಆದ್ದರಿಂದ ನೀರಿನ ಐದನೆಯ ಒಂದು ಪಾಲು ಕ್ಷಣದಲ್ಲಿ ಉಗಿಯಾಗುತ್ತದೆ. ಒಂದು ಲೀಟರ್ ನೀರಿನಿಂದ ಹೀಗೆ ಹುಟ್ಟುವ ಉಗಿ ಸುಮಾರು 300 ಲೀಟರ್. ಬಾಯ್ಲರಿನಲ್ಲಿರುವುದು ಸಾವಿರಾರು ಲೀಟರ್ ನೀರು. ವರದಿಯ ಸಾರಾಂಶದಲ್ಲಿ 'ಉಗಿಯ ಕ್ಷಣಿಕ ಬಿಡುಗಡೆ' ಎಂಬ ಅರ್ಥದ ಮಾತನ್ನು ಬಳಸಿ, 'ಸ್ಫೋಟ' ಎಂಬ ಪದವನ್ನು ಆವರಣ ಚಿಹ್ನೆಯೊಳಗೆ ಇಟ್ಟಿದ್ದಾರೆ. ಜನಬಳಕೆಯ ಪದವನ್ನು ಬಿಡದೆ, ಅದಕ್ಕೆ ಮೊದಲು ಭೌತಿಕ ಕ್ರಿಯೆಯನ್ನು ಹೆಸರಿಸುವ ಈ ಶಿಸ್ತು ನನಗೆ ಮೆಚ್ಚುಗೆಯಾಯಿತು. ಇಲ್ಲಿ ಉರಿದದ್ದು ಏನೂ ಇಲ್ಲ. ಇದು ಮದ್ದಿನ ಸ್ಫೋಟವಲ್ಲ, ನೀರಿನ ಸ್ಫೋಟ.

ಸುಳ್ಳು ಹೇಳುವ ನಳಿಗೆ

ಇಷ್ಟೆಲ್ಲ ಅನಾಹುತ ನೀರಿನ ಮಟ್ಟವೊಂದನ್ನು ಅವಲಂಬಿಸಿದೆ ಎಂದಮೇಲೆ ಮಟ್ಟ ತಿಳಿಯುವುದು ಹೇಗೆ? ಬಾಯ್ಲರಿನ ಹಿಂಬದಿಗೆ ಲಂಬವಾದ ಒಂದು ಗಾಜುನಳಿಗೆ. ಅದರ ಮೇಲ್ತುದಿ ಉಗಿಯ ಜಾಗಕ್ಕೆ, ಕೆಳತುದಿ ನೀರಿಗೆ ತೆರೆದಿರುತ್ತದೆ. ಕೂಡಿಕೊಂಡ ಪಾತ್ರೆಗಳಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ – ಏಳನೆಯ ತರಗತಿಯ ಪಾಠ. ಇದಲ್ಲದೆ ಬೇರೆ ಬೇರೆ ಎತ್ತರಗಳಲ್ಲಿ ಮೂರು ಪರೀಕ್ಷಾ ನಲ್ಲಿಗಳು. ಇವುಗಳ ನಿರ್ವಹಣೆ ಸರಿಯಿರಲಿಲ್ಲ, ಹಾದಿಗಳಲ್ಲಿ ಹಕ್ಕಳೆ ಸೇರಿತ್ತು, ಬಾಯ್ಲರಿಗೆ ನೀರುಣಿಸುವ ಪಂಪಿನ ಆರೈಕೆಯೂ ತೃಪ್ತಿಕರವಾಗಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಿತ್ತು.

ಈ ವರದಿಯನ್ನು ನಮ್ಮ ಬಿ.ಎಸ್‌ಸಿ. ವಿದ್ಯಾರ್ಥಿಗಳೊಡನೆ ಓದಿದಾಗ ಅವರ ಮುಂದೆ ಒಂದು ಪ್ರಶ್ನೆ ಇಟ್ಟೆ. ಗಾಜುನಳಿಗೆಯ ಕೆಳಗಿನ ಹಾದಿ ಕಟ್ಟಿಕೊಂಡರೆ ಅದು ಏನು ತೋರಿಸುತ್ತದೆ? ಮೇಲಿನ ಹಾದಿ ಕಟ್ಟಿಕೊಂಡರೆ? ಹೆಚ್ಚಿನವರ ಉತ್ತರ, 'ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಮೆ ತೋರಿಸುತ್ತದೆ ಸರ್'. ಸಮಮಿತಿಯ ಮೇಲೆ ನಮಗಿರುವ ಮೋಹ ಅಂಥದು.

ಯೋಚಿಸಿ ನೋಡಿ. ಕೆಳಗಿನ ಹಾದಿ ಕಟ್ಟಿದೆ. ಬಾಯ್ಲರಿನಲ್ಲಿ ನೀರು ಇಳಿದರೂ ನಳಿಗೆಯ ನೀರು ಇಳಿಯಲು ದಾರಿಯಿಲ್ಲ. ಮೇಲಿನಿಂದ ಬರುವ ಉಗಿ ತಂಪಾದ ಗಾಜಿಗೆ ತಾಗಿ ದ್ರವೀಕರಿಸಿ ತೊಟ್ಟಿಕ್ಕುತ್ತದೆ. ಆದ್ದರಿಂದ ನಳಿಗೆಯ ಮಟ್ಟ ಏರುತ್ತದೆ. ಈಗ ಮೇಲಿನ ಹಾದಿ ಕಟ್ಟಿದೆ ಎನ್ನಿ. ನಳಿಗೆಯಲ್ಲಿ ಸಿಕ್ಕಿಬಿದ್ದ ಉಗಿ ದ್ರವೀಕರಿಸಿ ಅಲ್ಲಿ ಒತ್ತಡ ಕುಸಿಯುತ್ತದೆ. ಬಾಯ್ಲರಿನ ಒತ್ತಡ ಕೆಳಗಿನಿಂದ ನೀರನ್ನು ಮೇಲಕ್ಕೆ ದೂಡುತ್ತದೆ. ಮತ್ತೆ ಮಟ್ಟ ಏರುತ್ತದೆ! ಎರಡು ಬಗೆಯ ದೋಷಗಳಲ್ಲೂ ನಳಿಗೆ ಹೇಳುವುದು ಒಂದೇ ಮಾತು: 'ನೀರು ಬೇಕಾದಷ್ಟಿದೆ, ಹೆದರಬೇಡ.' ಈ ದೋಷ ಯಾದೃಚ್ಛಿಕವಲ್ಲ. ಹತ್ತು ಬಾರಿ ಓದಿ ಸರಾಸರಿ ತೆಗೆದರೆ ಹೋಗುವಂಥದೂ ಅಲ್ಲ. ಅದು ಯಾವಾಗಲೂ ಅಪಾಯದ ಕಡೆಗೇ ವಾಲುವ ವ್ಯವಸ್ಥಿತ ದೋಷ.

ಇನ್ನೂ ಒಂದು ಸ್ವಾರಸ್ಯವಿದೆ. ಪೂರ್ತಿ ತುಂಬಿದ ನಳಿಗೆಯೂ ಪೂರ್ತಿ ಖಾಲಿ ನಳಿಗೆಯೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ಮಂದ ಬೆಳಕಿನಲ್ಲಂತೂ ವ್ಯತ್ಯಾಸ ತಿಳಿಯುವುದೇ ಇಲ್ಲ. ಬ್ರಿಟಿಷ್ ಎಂಜಿನ್ನುಗಳಲ್ಲಿ ನಳಿಗೆಯ ಹಿಂದೆ ಓರೆಯಾದ ಕಪ್ಪು-ಬಿಳುಪು ಪಟ್ಟೆಗಳ ಫಲಕ ಇಡುವುದುಂಟು. ನೀರಿರುವೆಡೆ ನಳಿಗೆ ಮಸೂರದಂತೆ ವರ್ತಿಸಿ ಪಟ್ಟೆಗಳ ಓರೆಯನ್ನು ತಿರುಗುಮುರುಗು ಮಾಡಿ ತೋರಿಸುತ್ತದೆ. ಉಗಿಯಿರುವೆಡೆ ಪಟ್ಟೆಗಳು ಇದ್ದಂತೆಯೇ ಕಾಣುತ್ತವೆ. ಒಂದು ಪ್ರನಾಳಕ್ಕೆ ಅರ್ಧ ನೀರು ತುಂಬಿ, ಹಿಂದೆ ಓರೆಗೆರೆ ಎಳೆದ ಕಾಗದ ಹಿಡಿದು ಯಾವ ಹೈಸ್ಕೂಲಿನಲ್ಲಾದರೂ ಇದನ್ನು ನೋಡಬಹುದು.

ಪರೀಕ್ಷಾ ನಲ್ಲಿಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ನಲ್ಲಿ ತೆರೆದಾಗ ನೀರು ಬಂದರೆ ಮಟ್ಟ ಅದಕ್ಕಿಂತ ಮೇಲಿದೆ, ಉಗಿ ಬಂದರೆ ಕೆಳಗಿದೆ ಎಂಬುದು ತತ್ತ್ವ. ಆದರೆ ಅಷ್ಟು ಬಿಸಿಯ ನೀರು ಹೊರಬರುತ್ತಲೇ ಉಗಿಯಾಗಿ ಚಿಮ್ಮುವುದರಿಂದ ಬಂದದ್ದು ಯಾವುದೆಂದು ಗುರುತಿಸಲು ಪಳಗಿದ ಕಣ್ಣು, ಕಿವಿ ಬೇಕು.

ಹಾಗಾದರೆ ಏನು ಮಾಡಬೇಕು? ನಳಿಗೆಯನ್ನು ಓದುವ ಮೊದಲು ಅದನ್ನು ಪರೀಕ್ಷಿಸಬೇಕು. ಕೆಳಗಿನ ಬಿಡುಗಡೆ ನಲ್ಲಿಯನ್ನು ತೆರೆದು ನಳಿಗೆಯನ್ನು ಬರಿದು ಮಾಡಿ ಮುಚ್ಚಿದರೆ ನೀರು ತಟ್ಟನೆ ಚಿಮ್ಮಿ ತನ್ನ ಮಟ್ಟಕ್ಕೆ ಬರಬೇಕು. ಮೆಲ್ಲಗೆ ತೆವಳುತ್ತ ಬಂದರೆ ಹಾದಿ ಕಟ್ಟಿದೆ ಎಂದರ್ಥ. ಓಡುವ ಎಂಜಿನ್ನಿನಲ್ಲಿ ನಳಿಗೆಯ ನೀರು ಸದಾ ಕುಣಿಯುತ್ತಿರಬೇಕು. ಕುಣಿಯದೆ ನಿಂತ ನೀರು ಅನುಮಾನಾಸ್ಪದ. ಇದು ಒಂದು ನಿಮಿಷದ ಕೆಲಸ. ಆದರೆ ಏಕೆ ಮಾಡಬೇಕೆಂದು ತಿಳಿಯದವನು ಅದನ್ನು ಕೆಲವು ದಿನ ಮಾಡಿ ಬಿಟ್ಟುಬಿಡುತ್ತಾನೆ.

ನಮ್ಮ ತಾಯಂದಿರು ಕುಕ್ಕರಿನ ಮುಚ್ಚಳ ಹಾಕುವ ಮೊದಲು ಅದನ್ನು ಬೆಳಕಿಗೆ ಎತ್ತಿ ಹಿಡಿದು, ಉಗಿ ಹೋಗುವ ನಳಿಗೆಯಲ್ಲಿ ಬೇಳೆಯ ಸಿಪ್ಪೆ ಸಿಕ್ಕಿದೆಯೇ ಎಂದು ನೋಡುತ್ತಿದ್ದರು. ಅದೂ ಇದೇ ವಿಜ್ಞಾನ.

ಮೆಲ್ಲಗೆ ಸೋಲುವ ವಿನ್ಯಾಸ

ವರದಿಯಲ್ಲಿ ನನ್ನ ಮನಸ್ಸಿಗೆ ಬಹಳ ಹಿಡಿಸಿದ ಭಾಗ ಆಧಾರ ಬೋಲ್ಟುಗಳ ಕುರಿತದ್ದು. ಈ ಎಂಜಿನ್ನಿನಲ್ಲಿ ಎಲ್ಲ ಬೋಲ್ಟುಗಳ ತುದಿಯೂ ಒಂದೇ ಬಗೆಯದಾಗಿರಲಿಲ್ಲ. ಕೆಲವು ಸಾಲುಗಳು ಅಗಲವಾದ ತಲೆಯುಳ್ಳವು, ಬಿಗಿಯಾಗಿ ಹಿಡಿಯುವಂಥವು. ಉಳಿದವು ತಗಡು ಕಾಯ್ದಾಗ ಬೇಗ ಬಿಟ್ಟುಕೊಡುವಂಥವು. ಆದ್ದರಿಂದ ತಗಡು ಒಂದೇ ಏಟಿಗೆ ಹರಿದು ಬೀಳದೆ ಹಂತ ಹಂತವಾಗಿ ಸೋತಿತು. ಬೋಲ್ಟು ಕಳಚಿದ ರಂಧ್ರಗಳಿಂದ ಉಗಿ ಹೊರಬಂದು ಒತ್ತಡ ಇಳಿಯಲು ಅವಕಾಶವಾಯಿತು. ಹಾಗಾಗದಿದ್ದರೆ ಬಾಯ್ಲರ್ ಚೌಕಟ್ಟಿನಿಂದ ಕಿತ್ತು ಹಾರಿ ಸಾವುಗಳು ಸಂಭವಿಸುವ ಸಾಧ್ಯತೆಯಿತ್ತು.

ಅರ್ಧ ಶತಮಾನದ ಹಿಂದೆ ಯಾರೋ ಅನಾಮಧೇಯ ವಿನ್ಯಾಸಕಾರರು 'ಇದು ಒಂದು ದಿನ ಸೋತರೆ ಹೇಗೆ ಸೋಲಬೇಕು?' ಎಂದು ಯೋಚಿಸಿದ್ದರು. ಮೂವರ ಜೀವ ಉಳಿದದ್ದಕ್ಕೆ ಆ ಯೋಚನೆಗೂ ಪಾಲು ಸಲ್ಲಬೇಕು. ವಿಫಲತೆಯನ್ನು ಮಾತ್ರ ಎತ್ತಿ ಆಡದೆ, ವಿಫಲತೆಯೊಳಗೇ ಸಫಲವಾದದ್ದನ್ನೂ ಗುರುತಿಸಿರುವುದು ಈ ತನಿಖೆಯ ಪ್ರಾಮಾಣಿಕತೆಗೆ ಸಾಕ್ಷಿ.

ಕೊರತೆಗಳು

ಹೊಗಳಿಕೆಯಷ್ಟೇ ವಿಮರ್ಶೆಯಲ್ಲ. ಈ ವರದಿಯ ಬಗ್ಗೆ ನನಗೆ ಎರಡು ಆಕ್ಷೇಪಗಳಿವೆ.

ಮೊದಲನೆಯದು, 'ಸಂಭವನೀಯ ಕಾರಣ'ವನ್ನು ಒಂದು ವಾಕ್ಯದಲ್ಲಿ ಕಟ್ಟಿಕೊಡುವ ಮಂಡಳಿಯ ಪದ್ಧತಿ. ಒಳಪುಟಗಳಲ್ಲಿ ನೀರು, ಹಕ್ಕಳೆ, ಪಂಪು, ನಳಿಗೆ, ತರಬೇತಿ, ನಿಯಮ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡ ಜಾಲವಾಗಿ ಬರುತ್ತವೆ. ಕೊನೆಯಲ್ಲಿ ಆ ಜಾಲ ಮಡಚಿ 'ಆಡಳಿತದ ವೈಫಲ್ಯ' ಎಂಬ ಪೊಟ್ಟಣವಾಗುತ್ತದೆ. ಮಾತು ಸರಿಯೇ. ಆದರೆ ಓದುವವರು ಬಹುಮಟ್ಟಿಗೆ ನೆನಪಿಡುವುದು ಆ ಪೊಟ್ಟಣವನ್ನು ಮಾತ್ರ. ಭೌತವಿಜ್ಞಾನ ಮತ್ತೆ ಕಣ್ಮರೆಯಾಗಿ, ನಾವು ಹಲಗೆಯ ಮೇಲೆ ಬರೆಯುವ ಖಾಲಿ ಚೌಕದಂತೆಯೇ ಆಗುತ್ತದೆ.

ಎರಡನೆಯದು, ನಳಿಗೆ ಏಕೆ ಅಪಾಯದ ಕಡೆಗೇ ಸುಳ್ಳು ಹೇಳುತ್ತದೆ ಎಂಬ ವಿವರಣೆಯನ್ನು ಇಂಥ ವರದಿಗಳು ಓದುಗನಿಗೆ ಗೊತ್ತಿದೆ ಎಂದೇ ಭಾವಿಸಿ ಮುಂದೆ ಸಾಗುತ್ತವೆ. ಬಲ್ಲವರ ಸಂಖ್ಯೆ ಕುಗ್ಗುತ್ತಿದೆ ಎಂದು ಎಚ್ಚರಿಸುವ ಬರಹವೇ ಬಲ್ಲವರಿಗಾಗಿ ಬರೆದಂತಿದ್ದರೆ ಹೇಗೆ? ಅಂಗುಲ, ಪೌಂಡ್, ಫ್ಯಾರನ್‌ಹೀಟ್ ಮಾನಗಳೂ ನಮ್ಮ ವಿದ್ಯಾರ್ಥಿಗಳಿಗೆ ಒಂದು ತೊಡಕು. ಆದರೆ ಮಾನ ಪರಿವರ್ತನೆಯ ಅಭ್ಯಾಸವೆಂದು ಅದನ್ನು ಸ್ವಾಗತಿಸಬಹುದು.

ಬರೆಯದೆ ಉಳಿದ ಜ್ಞಾನ

ಉಗಿ ಎಂಜಿನ್ನುಗಳ ಬಾಯ್ಲರ್ ತಪಾಸಣೆಗೆ ಅಮೆರಿಕದಲ್ಲಿ ಕಾನೂನು ಬಂದದ್ದು 1911ರಲ್ಲಿ. ಆ ಕಾಲದ ನಿಯಮಗಳಿಗೆ ಹಿನ್ನೆಲೆಯಾಗಿ ಸಾವಿರಾರು ಪಳಗಿದ ಕೆಲಸಗಾರರಿದ್ದರು. ಹುಡುಗನಾಗಿ ಸೇರಿ ಎಂಜಿನ್ ಒರೆಸಿ, ವರ್ಷಗಟ್ಟಲೆ ಫೈರ್‌ಮನ್ ಆಗಿ, ಆಮೇಲೆ ಚಾಲಕನಾದವರು ಅವರು. ಒಂದು ಗಾಜುನಳಿಗೆ, ಮೂರು ನಲ್ಲಿ ಸಾಕು ಎಂದು ನಿಯಮ ಹೇಳಿದ್ದರೆ, ಅದನ್ನು ಎಷ್ಟು ನಂಬಬೇಕು ಎಂಬುದು ಅವರ ಕೈಬೆರಳುಗಳಲ್ಲಿತ್ತು. ಡೀಸೆಲ್ ಬಂತು, ಆ ಪೀಳಿಗೆ ಹೋಯಿತು. ನಿಯಮ ಪುಸ್ತಕದಲ್ಲಿ ಉಳಿಯಿತು, ಅದರ ಬರೆಯದ ಅರ್ಧ ಅಳಿಸಿಹೋಯಿತು.

ಮಂಡಳಿಯ ಶಿಫಾರಸುಗಳು ವ್ಯರ್ಥವಾಗಲಿಲ್ಲ. 1999ರ ನವೆಂಬರಿನಲ್ಲಿ ಪ್ರಕಟವಾಗಿ 2000ದ ಜನವರಿಯಲ್ಲಿ ಜಾರಿಗೆ ಬಂದ ಹೊಸ ನಿಯಮಾವಳಿ, ಪ್ರತಿ ಬಾಯ್ಲರಿಗೂ ಕಡೇಪಕ್ಷ ಎರಡು ನೀರುಮಟ್ಟದ ನಳಿಗೆಗಳಿರಬೇಕೆಂದು ವಿಧಿಸಿತು. ಎಂಜಿನ್ 1,472 ದಿನ ಕೆಲಸ ಮಾಡಿದ ಮೇಲೆ ಅಥವಾ 15 ವರ್ಷಗಳಾದಾಗ, ಯಾವುದು ಮೊದಲೋ ಆಗ, ಬಾಯ್ಲರಿನ ಸಮಗ್ರ ತಪಾಸಣೆ ನಡೆಯಬೇಕು. ಇಲ್ಲಿ ವಯಸ್ಸಿಗಿಂತ ದುಡಿಮೆಯ ದಿನಗಳನ್ನು ಎಣಿಸಿರುವುದನ್ನು ಗಮನಿಸಿ. 1278 ಎಂಜಿನ್ ಮಾತ್ರ ಮತ್ತೆ ಓಡಲಿಲ್ಲ. ಓಹಾಯೋ ರಾಜ್ಯದ ಒಂದು ಎಂಜಿನ್ ಸಂಗ್ರಹಾಲಯವನ್ನು ಸೇರಿತು.

ನಮಗೆ ಇದೆಲ್ಲ ದೂರದ ಮಾತಲ್ಲ. ಮೈಸೂರು ಕಡೆಯಿಂದ ಊಟಿಗೆ ಪ್ರವಾಸ ಹೋಗುವ ಶಾಲಾ ಮಕ್ಕಳಲ್ಲಿ ಅನೇಕರು ನೀಲಗಿರಿಯ ಪುಟ್ಟ ರೈಲನ್ನು ಕಂಡಿರುತ್ತಾರೆ. 2005ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಹಾದಿಯಲ್ಲಿ ಕಲ್ಲಾರಿನಿಂದ ಕೂನೂರಿನವರೆಗೆ ಹಲ್ಲುಹಳಿಯ ಮೇಲೆ ಉಗಿ ಎಂಜಿನ್ ಗಾಡಿಗಳನ್ನು ಹಿಂದಿನಿಂದ ತಳ್ಳುತ್ತದೆ. ಅಲ್ಲಿ ಗರಿಷ್ಠ ಏರು 12ಕ್ಕೆ 1. ನೀರಿನ ಮೇಲ್ಮೈ ಯಾವಾಗಲೂ ಕ್ಷಿತಿಜಕ್ಕೆ ಸಮಾಂತರ. ಬಾಯ್ಲರ್ ಮಾತ್ರ ಓರೆ. ನಾಲ್ಕು ಮೀಟರ್ ಉದ್ದದ ಬಾಯ್ಲರ್ ಎಂದುಕೊಂಡರೆ ಅದರ ಎರಡು ತುದಿಗಳಲ್ಲಿ ನೀರಿನ ಆಳದ ವ್ಯತ್ಯಾಸ ಸುಮಾರು 33 ಸೆಂಟಿಮೀಟರ್! ನಳಿಗೆ ಇರುವುದು ಒಂದು ತುದಿಯಲ್ಲಿ. ಅಲ್ಲಿ ಕಂಡದ್ದರಿಂದ ಇನ್ನೊಂದು ತುದಿಯ ಸ್ಥಿತಿಯನ್ನು ಊಹಿಸಲು ಹಾದಿಯ ಪ್ರತಿ ತಿರುವೂ ಗೊತ್ತಿರಬೇಕು. ಈ ಹಾದಿಗಾಗಿ 2010ರ ದಶಕದಲ್ಲಿ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದಲ್ಲಿ ಎಣ್ಣೆ ಉರಿಸುವ ಹೊಸ ಉಗಿ ಎಂಜಿನ್ನುಗಳನ್ನು ಕಟ್ಟಿದರು. ಕೆಲವರು ಇದನ್ನು ಪರಂಪರೆಗೆ ಅಪಚಾರ ಎಂದುಕೊಂಡಾರು. ನನ್ನ ಮತ ಇದಕ್ಕೆ ವಿರುದ್ಧ. ಹೊಸದನ್ನು ಕಟ್ಟಬಲ್ಲ ಕೈಗಳಿದ್ದರೆ ಹಳೆಯದನ್ನು ನೋಡಿಕೊಳ್ಳುವ ಕೈಗಳೂ ಇರುತ್ತವೆ. ಕಬ್ಬಿಣಕ್ಕೆ ಬಣ್ಣ ಬಳಿದು ನಿಲ್ಲಿಸುವುದು ಪರಂಪರೆಯ ಅರ್ಧ ಭಾಗ. ನಳಿಗೆಯನ್ನು ಅನುಮಾನಿಸುವ ಅಭ್ಯಾಸವನ್ನು ಮುಂದಿನವರಿಗೆ ದಾಟಿಸುವುದು ಉಳಿದರ್ಧ.

ತರಗತಿಗೆ ಬರೋಣ

ಹಲವು ವರ್ಷಗಳ ಹಿಂದಿನ ಒಂದು ಪ್ರಾಯೋಗಿಕ ಪರೀಕ್ಷೆ ನೆನಪಿಗೆ ಬರುತ್ತದೆ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ನಾನು ಪರೀಕ್ಷಕ. ವಿದ್ಯಾರ್ಥಿಯೊಬ್ಬ ಕುದಿಯುವ ನೀರಿನ ಉಷ್ಣತೆಯನ್ನು 100 ಡಿಗ್ರಿ ಎಂದು ಬರೆದಿದ್ದ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ. 'ಕಂಡದ್ದು ಎಷ್ಟಪ್ಪ?' ಎಂದು ಕೇಳಿದೆ. 'ತೊಂಬತ್ತೇಳು ಸರ್. ಆದರೆ ಪುಸ್ತಕದಲ್ಲಿ ನೂರು ಇದೆ' ಎಂದ. ಅದೇ ದಿನ ಇನ್ನೊಬ್ಬನ ಉಷ್ಣತಾಮಾಪಕದಲ್ಲಿ ಪಾದರಸದ ಎಳೆ ತುಂಡಾಗಿತ್ತು. ಅವನು ಅದು ತೋರಿದ್ದನ್ನೆಲ್ಲ ಚಾಚೂ ತಪ್ಪದೆ ದಾಖಲಿಸಿದ್ದ. ಒಬ್ಬ ಸರಿಯಾದ ಉಪಕರಣವನ್ನು ನಂಬಲಿಲ್ಲ; ಇನ್ನೊಬ್ಬ ಕೆಟ್ಟದ್ದನ್ನು ನಂಬಿದ. ಇಬ್ಬರೂ ಪರೀಕ್ಷಿಸಲಿಲ್ಲ. ಅವರಿಗೆ ಕೆಲವು ಅಂಕಗಳು ಹೋದವು. ಗಾರ್ಡ್ನರ್ಸ್ ಬಳಿಯ ಎಂಜಿನ್ನಿನಲ್ಲಿ ಇದೇ ಬಗೆಯ ಲೋಪಕ್ಕೆ ತೆರಬೇಕಾದ ಬೆಲೆ ಬೇರೆಯಾಗಿತ್ತು.

ಅಂದು ನಾನು ಆ ಹುಡುಗರನ್ನು ಗದರಿದೆ. ಈಗ ಯೋಚಿಸಿದರೆ ತಪ್ಪು ಅವರದಷ್ಟೇ ಅಲ್ಲ ಅನ್ನಿಸುತ್ತದೆ. ವರದಿ ಚಾಲಕನನ್ನು ದಾಟಿ ಅವನಿಗೆ ಕಲಿಸಬೇಕಾಗಿದ್ದವರ ಕಡೆಗೆ ಬೆರಳು ಮಾಡುತ್ತದಲ್ಲವೆ? ಉಪಕರಣವನ್ನು ಓದುವುದನ್ನು ನಾವು ಕಲಿಸುತ್ತೇವೆ. ಓದುವ ಮೊದಲು ಅದನ್ನು ಪ್ರಶ್ನಿಸುವುದನ್ನು ಕಲಿಸಲು ಪಠ್ಯಕ್ರಮದಲ್ಲಿ ಜಾಗ ಹುಡುಕುವುದಿಲ್ಲ.

ಅಧ್ಯಾಪಕ ಮಿತ್ರರಲ್ಲಿ ನನ್ನ ಸೂಚನೆ ಇಷ್ಟೆ. ಉಷ್ಣ ಗತಿವಿಜ್ಞಾನದ ಪಾಠ ಮಾಡುವಾಗ ಒಂದು ಅವಧಿಯನ್ನು ಆ ಮೇಲಿನ ಚೌಕಕ್ಕೆ ಮೀಸಲಿಡಿ. ಈ ವರದಿಯ ಕೆಲವು ಪುಟಗಳನ್ನು ವಿದ್ಯಾರ್ಥಿಗಳೊಡನೆ ಓದಿ. ಮೇಲಿನ ಲೆಕ್ಕಗಳನ್ನು ಅವರಿಂದ ಮಾಡಿಸಿ. ಸಾಧ್ಯವಾದರೆ 1979ರಿಂದ ಇರುವ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಅವರನ್ನು ಕರೆದೊಯ್ದು, ನಿಂತಿರುವ ಉಗಿ ಎಂಜಿನ್ನುಗಳನ್ನು ತೋರಿಸಿ. ಚಕ್ರ, ಚಿಮಣಿಗಳನ್ನು ನೋಡಿ ಮುಗಿದ ಮೇಲೆ ಬಾಯ್ಲರಿನ ಹಿಂಬದಿಯತ್ತ ಅವರ ಗಮನ ಸೆಳೆದು ಕೇಳಿ: 'ಇಲ್ಲಿ ಇರುತ್ತಿದ್ದ ಗಾಜುನಳಿಗೆ ಅರ್ಧ ನೀರು ತೋರಿಸುತ್ತಿದೆ ಎನ್ನಿ. ಅದು ನಿಜವೆಂದು ನಿಮಗೆ ಹೇಗೆ ಗೊತ್ತು?'